ಸತ್ಯಾಂಶ: ‘ಟು’ ಆದ ಮೇಲೆ ‘ಇಂಗ್’ ಬರಲೇಬಾರದಾ?

ವಾಟ್ಸ್ಆ್ಯಪ್‌ನಲ್ಲಿ ಒಂದು ಇಂಗ್ಲಿಷ್ ಪಾಠ ಸುತ್ತುತ್ತಿದೆ: ‘ಟು ಬಂದ ಮೇಲೆ ಕ್ರಿಯಾಪದಕ್ಕೆ ಇಂಗ್ ಸೇರಿಸಿದರೆ ತಪ್ಪು.’ ಇದು ಅರ್ಧ ಮಾತ್ರ ನಿಜ. ಇದನ್ನು ನಂಬಿ ಕೆಲಸದ ಅರ್ಜಿಯಲ್ಲಿ ಸರಿ ಇದ್ದದ್ದನ್ನೇ ಅಳಿಸುವವರನ್ನು ನೋಡಿದರೆ ಬೇಸರವಾಗುತ್ತದೆ.

‘ಐ ವಾಂಟ್ ಟು ಮೀಟ್ ಯು’ ಸರಿ. ಆದರೆ ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು’ ಅಂತಲೇ ಬರೆಯಬೇಕು. ಇಲ್ಲಿರುವ ‘ಟು’ ಬೇರೆ. ಅದು ನಮ್ಮ ‘ಗೆ’, ‘ಕ್ಕೆ’ ಇದ್ದ ಹಾಗೆ, ನಾಮಪದದ ಜೊತೆ ಬರುವಂಥದ್ದು. ಅನುಮಾನ ಬಂದರೆ ಕ್ರಿಯಾಪದ ತೆಗೆದು ‘ಯುವರ್ ರಿಪ್ಲೈ’ ಹಾಕಿ ನೋಡಿ. ‘ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಸರಿಯಾಗಿ ಕೂರುತ್ತದೆ, ಅಲ್ವಾ? ಹಾಗಾದರೆ ಅಲ್ಲಿ ‘ಇಂಗ್’ ಬೇಕು. ‘ವಾಂಟ್’ ವಾಕ್ಯದಲ್ಲಿ ಅದು ಕೂರುವುದಿಲ್ಲ.

‘ಯೂಸ್ಡ್ ಟು’ ಜಾಸ್ತಿ ಗೊಂದಲ ಮಾಡುತ್ತದೆ. ‘ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಅಂದರೆ ಮೊದಲು ಬೇಗ ಏಳುತ್ತಿದ್ದೆ. ‘ಐ ಆ್ಯಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’ ಅಂದರೆ ಬೇಗ ಏಳೋದು ನನಗೆ ರೂಢಿಯಾಗಿದೆ.

‘ಸ್ಟಾಪ್’ ಕೂಡ ಹೀಗೇ ಅರ್ಥ ಬದಲಿಸುತ್ತದೆ. ‘ಸ್ಟಾಪ್ಡ್ ಟು ಡ್ರಿಂಕ್ ಟೀ’: ಟೀ ಕುಡಿಯೋಕೆ ನಿಂತ. ‘ಸ್ಟಾಪ್ಡ್ ಡ್ರಿಂಕಿಂಗ್ ಟೀ’: ಟೀ ಕುಡಿಯೋದನ್ನೇ ಬಿಟ್ಟ.