ಸ್ಪಷ್ಟನೆ: ಷಿಕಾಗೊ ಹ್ಯಾಟ್‌ಪಿನ್ ನಿಷೇಧಿಸಿರಲಿಲ್ಲ

‘ಹೆಂಗಸರು ಪುಂಡರಿಗೆ ಚುಚ್ಚುತ್ತಾರೆಂದು 1910ರಲ್ಲಿ ಷಿಕಾಗೊ ನಗರ ಹ್ಯಾಟ್‌ಪಿನ್ನನ್ನೇ (ಟೋಪಿ ಜಾರದಂತೆ ಸಿಕ್ಕಿಸುವ ಉದ್ದನೆಯ ಪಿನ್) ನಿಷೇಧಿಸಿತು’ ಎಂಬ ಸಂದೇಶ ಬೆಂಗಳೂರಿನ ಪಿಜಿ, ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಆ ಮಾರ್ಚ್‌ನಲ್ಲಿ ನಗರಸಭೆ ಮಾಡಿದ ನಿಯಮ ಇಷ್ಟೇ: ಪಿನ್ನಿನ ಮೊನೆ ಟೋಪಿಯಿಂದ ಅರ್ಧ ಇಂಚಿಗಿಂತ ಹೆಚ್ಚು ಹೊರಚಾಚಬಾರದು, ಮೀರಿದರೆ 50 ಡಾಲರ್‌ವರೆಗೆ ದಂಡ. ಪಿನ್ ಧರಿಸಲು ಅಡ್ಡಿಯಿರಲಿಲ್ಲ.

ಅಗಲ ಟೋಪಿ ಕೂದಲಿಗೆ ಕಚ್ಚಿ ನಿಲ್ಲಲು ಪಿನ್ನನ್ನು ಒಂದು ಬದಿಯಿಂದ ತೂರಿಸಿ, ಕೂದಲ ಗಂಟಿನೊಳಗೆ ಹಾಯಿಸಿ, ಇನ್ನೊಂದು ಬದಿ ಹೊರತೆಗೆಯುತ್ತಿದ್ದರು. ತುಂಬಿದ ಟ್ರಾಮಿನಲ್ಲಿ ತಲೆ ತಿರುಗಿಸಿದರೆ ಆ ಮೊನೆ ಪಕ್ಕದವರ ಕಣ್ಣಿಗೆ, ಕೆನ್ನೆಗೆ. ಮೊನೆಗೆ ಹಾಕುವ ಪುಟ್ಟ ಮುಚ್ಚಳಗಳು ಬಳಕೆಗೆ ಬಂದದ್ದು ಇದಕ್ಕೇ.

ಆತ್ಮರಕ್ಷಣೆಗೆ ಬಳಸಿದ್ದಂತೂ ನಿಜ: 1903ರಲ್ಲಿ ನ್ಯೂಯಾರ್ಕಿನಲ್ಲಿ ಲಿಯೋಟಿ ಬ್ಲೇಕರ್ ಎಂಬ ಯುವತಿ ಕಿರುಕುಳ ಕೊಟ್ಟವನ ತೋಳಿಗೆ ಚುಚ್ಚಿದ್ದರು. ದಯವಿಟ್ಟು ಆ ಸಂದೇಶ ಫಾರ್ವರ್ಡ್ ಮಾಡಬೇಡಿ.