ಮೂರು ಬಗೆಯ ರೆಪೊಸಿಟರಿ, ಒಂದೇ ಯೋಜನೆ: ಹೆಣೆದರೆ ಸಾಕೇ, ಒಂದಾಗಿಸಬೇಕೇ?

ಪರ: ಇದ್ದಲ್ಲೇ ಇರಲಿ, ಹೆಣೆಯೋಣ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆಗಳಿಗೆ) ನಾವು ಬರೆದುಕೊಡುವ ತಂತ್ರಾಂಶ ಒಂದೇ ದಿನ ಹುಟ್ಟಿದ್ದಲ್ಲ. ಅದರ ಕೋಡ್ ಮೂರು ರೆಪೊಸಿಟರಿಗಳಲ್ಲಿದೆ. ರೆಪೊಸಿಟರಿ ಎಂದರೆ ಕಡತಗಳನ್ನೂ ಅವುಗಳಲ್ಲಾದ ಬದಲಾವಣೆಗಳ ಇತಿಹಾಸವನ್ನೂ ಕಾಪಿಡುವ ಕಣಜ. ಅದನ್ನು ನಡೆಸುವ ಸಲಕರಣೆ ಒಂದೊಂದಕ್ಕೆ ಒಂದೊಂದು. ಬಿಲ್ಲು, ಲೆಕ್ಕದ ಭಾಗ ಸಬ್‌ವರ್ಷನ್‌ನಲ್ಲಿದೆ. ತೂಕದ ಯಂತ್ರದಿಂದ ಅಂಕಿ ಓದುವ ಭಾಗ ಮರ್ಕ್ಯೂರಿಯಲ್‌ನಲ್ಲಿ. ಬೆಳೆಗಾರರ ಮೊಬೈಲ್ ಆ್ಯಪ್ ಗಿಟ್‌ನಲ್ಲಿ. ಎಲ್ಲವನ್ನೂ ಗಿಟ್‌ಗೆ ಸುರಿಯಬೇಕೆಂಬ ಆತುರ ನನಗೆ ಸರಿ ಕಾಣುವುದಿಲ್ಲ.

ಮರ್ಕ್ಯೂರಿಯಲ್‌ನ ಸಬ್‌ರೆಪೊಸಿಟರಿ ಸೌಲಭ್ಯ ಮೂರು ಬಗೆಯನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಹೊರಗಿನ ರೆಪೊಸಿಟರಿಯ ಒಂದು ಕಡತದಲ್ಲಿ ಒಳಗಿನವುಗಳ ವಿಳಾಸ, ಇನ್ನೊಂದರಲ್ಲಿ ಪ್ರತಿಯೊಂದೂ ಯಾವ ಆವೃತ್ತಿಯಲ್ಲಿ ನಿಂತಿದೆ ಎಂಬ ದಾಖಲೆ. ಕಳೆದ ಸುಗ್ಗಿಯಲ್ಲಿ ಗಿರಾಕಿಗೆ ಕೊಟ್ಟ ಜೋಡಣೆ ಯಾವುದೆಂದು ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ. ರೋಬಾಟ್ ತಂತ್ರಾಂಶವಾದ ಆರ್‌ಒಎಸ್ ಬಳಸುವವರೂ ವಿಸಿಎಸ್‌ಟೂಲ್ ಎಂಬ ಸಲಕರಣೆಯ ಮೂಲಕ ಬೇರೆ ಬೇರೆ ಬಗೆಯ ರೆಪೊಸಿಟರಿಗಳನ್ನು ಒಂದೇ ಪಟ್ಟಿಯಿಂದ ಇಳಿಸಿಕೊಳ್ಳುತ್ತಾರೆ.

ಸಬ್‌ವರ್ಷನ್ ಮೇಲೆ ನನಗಿರುವ ಒಲವು ಬರೀ ಅಭ್ಯಾಸಬಲದ್ದಲ್ಲ. ನಮ್ಮ ಔಟ್‌ಟರ್ನ್ ವರದಿಯ (ಸಂಸ್ಕರಿಸಿದ ಮೇಲೆ ಎಷ್ಟು ಕಾಫಿ ಸಿಕ್ಕಿತೆಂಬ ಲೆಕ್ಕದ) ನಮೂನೆಗಳು ಬೈನರಿ ಕಡತಗಳು, ಅಂದರೆ ಇಬ್ಬರ ತಿದ್ದುಪಡಿಯನ್ನು ಸಾಲುಸಾಲಾಗಿ ಬೆಸೆಯಲಾಗದವು. ಇಬ್ಬರು ಒಟ್ಟಿಗೆ ತಿದ್ದಿದರೆ ಒಬ್ಬರ ದುಡಿಮೆ ಮಣ್ಣುಪಾಲು. ಸಬ್‌ವರ್ಷನ್‌ನಲ್ಲಿ ‘ನೀಡ್ಸ್-ಲಾಕ್’ ಗುಣ ಹಚ್ಚಿದರೆ, ಬೀಗ ಪಡೆಯುವ ತನಕ ಕಡತ ಓದಲಷ್ಟೇ ಸಿಗುತ್ತದೆ. ಇನ್ನು ದೂರುಪುಸ್ತಕದ ತುಂಬ ‘ಆರ್ 412 ನೋಡಿ’ (ಸಬ್‌ವರ್ಷನ್‌ನ 412ನೆಯ ಆವೃತ್ತಿ) ಎಂಬಂಥ ಟಿಪ್ಪಣಿಗಳಿವೆ. ಗಿಟ್ ಪ್ರತಿ ಬದಲಾವಣೆಗೂ ಕೊಡುವ 40 ಅಕ್ಷರಗಳ ಗುರುತಿನ ನಡುವೆ ಆ ಸಂಖ್ಯೆಯನ್ನು ಎಲ್ಲಿ ಹುಡುಕುವುದು?

ವಿರೋಧ: ಒಂದೇ ಇತಿಹಾಸ ಬೇಕು

ಆ ಸಂಖ್ಯೆ ಎಲ್ಲಿಗೂ ಹೋಗುವುದಿಲ್ಲ. ಸಬ್‌ವರ್ಷನ್‌ನಿಂದ ಗಿಟ್‌ಗೆ ಸಾಗಿಸುವ ‘ಗಿಟ್ ಎಸ್‌ವಿಎನ್’ ಆಜ್ಞೆ ಇತಿಹಾಸವನ್ನು ತರುವಾಗ ಪ್ರತಿ ಕಮಿಟ್‌ನ (ದಾಖಲಿಸಿದ ಬದಲಾವಣೆಯ) ಸಂದೇಶದ ಕೊನೆಗೆ ಹಳೆಯ ವಿಳಾಸವನ್ನೂ ಆವೃತ್ತಿ ಸಂಖ್ಯೆಯನ್ನೂ ತಾನೇ ಬರೆದಿಡುತ್ತದೆ. 412 ಎಂದು ಹುಡುಕಿದರೆ ಸಾಕು. ಬೀಗ ಬೇಕೆಂದರೆ ದೊಡ್ಡ ಕಡತಗಳಿಗೆಂದು ಇರುವ ಗಿಟ್ ಎಲ್‌ಎಫ್‌ಎಸ್ ವಿಸ್ತರಣೆಯಲ್ಲಿ ಇದೆ. ಸರ್ವರ್ ಅದನ್ನು ಬೆಂಬಲಿಸಬೇಕು, ಅಷ್ಟೆ.

ನಿಜವಾದ ತೊಡಕು ಬೇರೆ. ತೇವಾಂಶದ ಅಂಕಣವೊಂದನ್ನು ಹೊಸದಾಗಿ ಸೇರಿಸಬೇಕು ಎನ್ನಿ. ತೂಕದ ಭಾಗ, ಆ್ಯಪ್, ಬಿಲ್ಲು ಮೂರೂ ಬದಲಾಗಬೇಕು. ಮೂರು ರೆಪೊಸಿಟರಿಗಳಲ್ಲಿ ಇದು ಒಂದೇ ಕಮಿಟ್ ಆಗಲಾರದು. ಎರಡು ಸೇರಿ ಮೂರನೆಯದು ಉಳಿದರೆ ಬಿಲ್ಲಿನಲ್ಲಿ ತೇವಾಂಶದ ಕಡಿತವೇ ಇರುವುದಿಲ್ಲ. ಲೆಕ್ಕ ತಪ್ಪಿ ಯಾರಿಗೋ ನಷ್ಟ. ತಪ್ಪು ಯಾವಾಗ ನುಸುಳಿತೆಂದು ‘ಬೈಸೆಕ್ಟ್’ (ಇತಿಹಾಸವನ್ನು ಅರ್ಧರ್ಧ ಮಾಡುತ್ತ ಹುಡುಕುವ ಆಜ್ಞೆ) ಹಾಕಿ ಹುಡುಕಲು ಹೋದರೆ, ಅದು ಒಂದು ರೆಪೊಸಿಟರಿಯ ಗಡಿ ದಾಟುವುದಿಲ್ಲ.

ಹೆಣೆಯುವ ಸಲಕರಣೆಯೂ ಗಟ್ಟಿಯಿಲ್ಲ. ಒಂದು ರೆಪೊಸಿಟರಿಯೊಳಗೆ ಇನ್ನೊಂದನ್ನು ಸೇರಿಸುವ ಗಿಟ್‌ನ ಸಬ್‌ಮಾಡ್ಯೂಲ್‌ಗೆ ಗಿಟ್ ಮಾತ್ರ ಗೊತ್ತು, ಅದೇ ಕೆಲಸದ ಸಬ್‌ವರ್ಷನ್‌ನ ಎಕ್ಸ್‌ಟರ್ನಲ್ಸ್‌ಗೆ ಸಬ್‌ವರ್ಷನ್ ಮಾತ್ರ. ಉಳಿದದ್ದು ಮರ್ಕ್ಯೂರಿಯಲ್. ಅದರ ತಂಡವೇ ತನ್ನ ಸಬ್‌ರೆಪೊಸಿಟರಿಯನ್ನು ಬೇರೆ ದಾರಿಯೇ ಇಲ್ಲದಾಗ ಬಳಸಿ ಎನ್ನುತ್ತದೆ. ಭದ್ರತೆಯ ಕಾರಣಕ್ಕೆ 2017ರಿಂದ ಗಿಟ್ ಮತ್ತು ಸಬ್‌ವರ್ಷನ್ ಸಬ್‌ರೆಪೊಸಿಟರಿಗಳು ತಾವಾಗಿ ತೆರೆಯುವುದೂ ಇಲ್ಲ. ರೆಪೊಸಿಟರಿಗಳನ್ನು ಇರಿಸಿಕೊಳ್ಳುವ ಜಾಲತಾಣ ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯೂರಿಯಲ್ ಅನ್ನೇ ಕೈಬಿಟ್ಟಿತು. ಅಂಥದ್ದರ ಮೇಲೆ ಇಡೀ ಯೋಜನೆಯ ಭಾರ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೂಡಿಗೆರೆ, ಕೊಪ್ಪದ ಕಡೆ ಜುಲೈನಲ್ಲಿ ಮರ ಬಿದ್ದು ಕರೆಂಟು, ಇಂಟರ್ನೆಟ್ ಒಟ್ಟಿಗೆ ಹೋಗುತ್ತವೆ. ಸಬ್‌ವರ್ಷನ್ ಕಮಿಟ್‌ಗೆ ಸರ್ವರ್ ಬೇಕೇ ಬೇಕು. ಗಿಟ್‌ನಲ್ಲಾದರೆ ಲ್ಯಾಪ್‌ಟಾಪ್‌ನಲ್ಲೇ ಕಮಿಟ್ ಮಾಡಿಟ್ಟು, ಸಂಪರ್ಕ ಬಂದಾಗ ಕಳುಹಿಸಬಹುದು. ಸುಗ್ಗಿಗೆ ಮುಂಚೆ ಒಮ್ಮೆ ಕೂತು ಮೂರನ್ನೂ ಒಂದೇ ಗಿಟ್ ರೆಪೊಸಿಟರಿಗೆ ತರೋಣ. ಹಳೆಯ ಸರ್ವರ್ ಓದಲಿಕ್ಕಷ್ಟೇ ತೆರೆದಿರಲಿ.