ಹ್ಯಾಮ್ಲೆಟ್‌ನ ಹುಣ್ಣನ್ನು ಯಾಕೆ ತೊಳೆದಿರಿ?

ನಿನ್ನೆ ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕ ನೋಡಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ನಟರು ಚೆನ್ನಾಗಿದ್ದರು, ಕೊನೆಯ ಕತ್ತಿವರಸೆ ತುಂಬಾ ಚೆನ್ನಾಗಿತ್ತು. ಆದರೆ ನಾಟಕ ಚಿಕ್ಕದು ಮಾಡುವಾಗ ಕೊಳೆತದ್ದನ್ನೆಲ್ಲ ಹುಡುಕಿ ತೆಗೆದಿದ್ದಾರೆ. ಕಳೆ ತುಂಬಿದ ತೋಟ ಇಲ್ಲ. ಸತ್ತ ನಾಯಿಯಲ್ಲಿ ಬಿಸಿಲಿಗೆ ಹುಟ್ಟುವ ಹುಳು ಇಲ್ಲ. ಸತ್ತ ವಿದೂಷಕ ಯೋರಿಕ್‌ನ ಬುರುಡೆ ಇದೆ, ಅದನ್ನು ಮೂಸಿ 'ಥೂ' ಅಂತ ಕೆಳಗಿಡುವುದು ಇಲ್ಲ. ಉಳಿದದ್ದು 'ಡೆನ್ಮಾರ್ಕಿನಲ್ಲಿ ಏನೋ ಕೊಳೆತಿದೆ' ಅನ್ನುವ ಮಾತು ಮಾತ್ರ.

ಆ ಮಾತು ಆಡುವವನು ಮಾರ್ಸೆಲಸ್. ಬರೀ ಕಾವಲಿನವನು. ಒಳಗೆ ರಾಜ ಕುಡಿಯುತ್ತಾ ಕಹಳೆ ಊದಿಸುತ್ತಿದ್ದಾನೆ, ಹೊರಗೆ ಚಳಿಯಲ್ಲಿ ನಿಂತವನಿಗೆ ವಾಸನೆ ಬಡಿಯುತ್ತದೆ. ಆ ವಾಸನೆ ಎಲ್ಲಿಂದ ಬಂತು ಅಂತ ಮುಂದೆ ತೋರಿಸಬೇಕಲ್ವಾ?

ಹ್ಯಾಮ್ಲೆಟ್‌ನ ಅಪ್ಪ, ಸತ್ತ ರಾಜನ ಪ್ರೇತ ಅದನ್ನೇ ಹೇಳುವುದು. ಈಗ ರಾಜನಾಗಿರುವ ತಮ್ಮನೇ ಬಂದು ಮಲಗಿದ್ದವನ ಕಿವಿಗೆ ವಿಷ ಹೊಯ್ದ. ಹಾಲು ಒಡೆದ ಹಾಗೆ ರಕ್ತ ಒಡೆಯಿತು, ಮೈತುಂಬ ಕುಷ್ಠದಂಥ ಹಕ್ಕಳೆ ಎದ್ದಿತು. ಹಾವು ಕಚ್ಚಿತು ಅನ್ನುವ ಸುಳ್ಳಿನಿಂದ ಡೆನ್ಮಾರ್ಕಿನ ಕಿವಿಯೂ ಕೆಟ್ಟಿತು ಅನ್ನುತ್ತದೆ ಅದು. ರಾಜನ ಕಿವಿಗೆ ವಿಷ, ದೇಶದ ಕಿವಿಗೆ ಸುಳ್ಳು. ನಿನ್ನೆ ಪ್ರೇತ ಬಂತು, ತಮ್ಮನೇ ಕೊಂದ ಅಂತ ಹೇಳಿ ಹೋಯಿತು. ಒಂದು ಮನೆಯ ಕೊಲೆ ಉಳಿಯಿತು, ದೇಶ ಕಾಣೆಯಾಯಿತು.

ನನಗೆ ಜಾಸ್ತಿ ನೋವಾದದ್ದು ತಾಯಿಯ ಕೋಣೆಯ ದೃಶ್ಯದಲ್ಲಿ. ಗಂಡನ ತಮ್ಮನನ್ನೇ ಮದುವೆಯಾದ ತಾಯಿಗೆ, ನನ್ನ ತಪ್ಪಲ್ಲ, ಮಗನಿಗೆ ಹುಚ್ಚು ಅಂದುಕೊಂಡು ಸಮಾಧಾನ ಮಾಡಿಕೊಳ್ಳಬೇಡ ಅನ್ನುತ್ತಾನೆ ಹ್ಯಾಮ್ಲೆಟ್. ಅದು ಹುಣ್ಣಿನ ಮೇಲೆ ತೆಳು ಚರ್ಮ ಬಂದ ಹಾಗೆ, ಒಳಗೆ ಕೊಳೆ ಯಾರಿಗೂ ಕಾಣದೆ ಕೊರೆಯುತ್ತದೆ. ನಮ್ಮಪ್ಪನ ಕಾಲಿನ ಗಾಯ ಹಾಗೇ ಇತ್ತು. ಮೇಲೆ ಒಣಗಿತ್ತು, ನಾವೆಲ್ಲ ಖುಷಿಪಟ್ಟಿದ್ದೆವು. ಒಳಗೆ ಕೀವು ಮೂಳೆಯವರೆಗೂ ಹೋಗಿತ್ತು. ಈ ಸಾಲು ಓದಿದಾಗಲೆಲ್ಲ ಅಪ್ಪನ ಕಾಲು ಕಣ್ಮುಂದೆ ಬರುತ್ತದೆ. ನಿನ್ನೆ ಆ ಸಾಲಿಗೆ ಕಾದು ಕೂತಿದ್ದೆ. ಬರಲೇ ಇಲ್ಲ.

ಪೂರ್ತಿ ಆಡಿದರೆ ನಾಲ್ಕು ಗಂಟೆ ಬೇಕು, ಕತ್ತರಿಸದೆ ಆಗಲ್ಲ ಅನ್ನುತ್ತೀರಿ. ಗೊತ್ತು. ಶೇಕ್ಸ್‌ಪಿಯರ್‌ನ ನಾಟಕಗಳನ್ನು ಒಟ್ಟಿಗೆ ಅಚ್ಚು ಹಾಕಿದ 1623ರ ಫೋಲಿಯೋದಲ್ಲೂ ಒಂದು ಇಡೀ ಸ್ವಗತ ಇಲ್ಲ, ಒಳಗೇ ಒಡೆಯುವ ಕೀವು ತುಂಬಿದ ಕುರುವಿನ ಮಾತು ಅದರ ಜೊತೆಗೇ ಹೋಗಿದೆ. ಆದರೆ ತಾಯಿಯ ಮುಂದೆ ಆಡುವ ಹುಣ್ಣಿನ ಮಾತು ಅದರಲ್ಲೂ ಉಳಿದಿದೆ. ಈ ನಾಟಕದ ತುಂಬ ಕಾಯಿಲೆಯ ಚಿತ್ರಗಳೇ ಇವೆ ಅಂತ ವಿಮರ್ಶಕಿ ಕ್ಯಾರೊಲಿನ್ ಸ್ಪರ್ಜನ್ 1935ರಲ್ಲೇ ತೋರಿಸಿದ್ದರು. ಇವು ಸುಮ್ನೆ ಅಲಂಕಾರಕ್ಕೆ ಹಚ್ಚಿದ ಬಣ್ಣ ಅಲ್ಲ. ಕೊಲೆ ಒಬ್ಬನದು, ಆದರೆ ಕೊಳೆ ಎಲ್ಲರಿಗೂ ಅಂಟುತ್ತದೆ ಅನ್ನುವುದು ಇವುಗಳಿಂದಲೇ ತಿಳಿಯುವುದು.

ಹ್ಯಾಮ್ಲೆಟ್‌ಗೂ ಅಂಟುತ್ತದೆ. ರಾಜನ ಮಂತ್ರಿ ಪೊಲೋನಿಯಸ್‌ನನ್ನು ತಾನೇ ಕೊಂದು, ಹೆಣ ಎಳೆದುಕೊಂಡು ಹೋಗಿ ಬಚ್ಚಿಡುತ್ತಾನೆ. ಎಲ್ಲಿದ್ದಾನೆ ಅಂತ ರಾಜ ಕೇಳಿದರೆ ಹುಳುಗಳ ಊಟದ ಮಾತಾಡುತ್ತಾನೆ. ಈ ತಿಂಗಳೊಳಗೆ ಸಿಗದಿದ್ದರೆ ಮೆಟ್ಟಿಲು ಹತ್ತುವಾಗ ವಾಸನೆ ಬರುತ್ತದೆ ಬಿಡಿ ಅನ್ನುತ್ತಾನೆ. ತಾನು ಪ್ರೀತಿಸಿದ ಒಫೀಲಿಯಾಳ ಅಪ್ಪ ಅವನು! ಅಪ್ಪನ ಸಾವಿಗೆ ಅಷ್ಟು ಅತ್ತವನ ಬಾಯಲ್ಲಿ ಇನ್ನೊಬ್ಬಳ ಅಪ್ಪನ ಬಗ್ಗೆ ಇಂಥ ಮಾತು ಬರುತ್ತದೆ. ಅದನ್ನೂ ತೆಗೆದಿದ್ದಾರೆ. ನಿನ್ನೆ ಸತ್ತವನು ಒಬ್ಬ ಒಳ್ಳೆಯ ಹುಡುಗ ಅಷ್ಟೇ, ಹ್ಯಾಮ್ಲೆಟ್ ಅಲ್ಲ.